ಬರ್ಮಿಂಗ್‌ಹ್ಯಾಮಿಂದ ಲಂಡನ್ನಿಗೆ ಎಷ್ಟಪ್ಪಾ ಟಿಕೆಟ್ಟು? ಕೌಂಟರಿನ ಈ ಕಡೆಯಿಂದ

ಬುಧವಾರ ಸಂಜೆ ಕೌಂಟರ್ ಮುಂದೆ ಒಬ್ಬ ಹುಡುಗ ಬಂದು ನಿಂತ, ಹಿಂದೆ ಅವನ ಅಪ್ಪ ಅಮ್ಮ. ನಾಳೆ ಬೆಳಿಗ್ಗೆ ಎಂಟಕ್ಕೆ ಲಂಡನ್ನಿಗೆ ಮೂರು ಟಿಕೆಟ್ ಬೇಕು ಅಂದ. ನಾನು ರೇಟು ಹೇಳಿದ್ ತಕ್ಷಣ ಅಮ್ಮ ಅಪ್ಪನ ಕಿವೀಲಿ "ರೀ, ಈ ದುಡ್ಡಲ್ಲಿ ವಿಮಾನಕ್ಕೇ ಹೋಗ್ಬೋದಿತ್ತಲ್ರೀ" ಅಂದ್ರು, ಕನ್ನಡ ಕಿವಿಗೆ ಬಿತ್ತು, ನಾನು "ಸ್ವಲ್ಪ ತಡೀರಮ್ಮಾ, ಇನ್ನೂ ಟಿಕೆಟ್ ಕೊಟ್ಟಿಲ್ಲ" ಅಂದೆ. ಆಮೇಲೆ ನಡೆದ ಮಾತನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ಮಿಡ್‌ಲ್ಯಾಂಡ್ಸ್‌ನ ಸ್ಟೇಷನ್‌ಗಳಲ್ಲಿ ಟಿಕೆಟ್ ಮಾರ್ತಾ ಇಷ್ಟು ವರ್ಷ ಆಯ್ತು, ನಮ್ ಕಡೆಯವ್ರು ಬಂದ್ರೆ ನೂರಕ್ಕೆ ತೊಂಬತ್ತು ಸಲ ಇದೇ ಮಾತು.

ಊರಲ್ಲಿ ನಮಗೆ ಅಭ್ಯಾಸ ಆಗಿರೋ ಲೆಕ್ಕ ಬೇರೆ. ಅಲ್ಲಿ ರೇಟು ಹೆಚ್ಚುಕಮ್ಮಿ ಗೊತ್ತಿರತ್ತೆ, ಸೀಟು ಸಿಗತ್ತೋ ಇಲ್ವೋ ಅನ್ನೋದೇ ತಲೆನೋವು, ವೇಟಿಂಗ್ ಲಿಸ್ಟು, ಆರ್‌ಎಸಿ, ತತ್ಕಾಲ್ ಅಂತ ಒದ್ದಾಡ್ತೀವಿ. ಇಲ್ಲಿ ಉಲ್ಟಾ. ಸ್ಟೇಷನ್ನಿಗೆ ಹೋದ್ರೆ ಟಿಕೆಟ್ ಸಿಕ್ಕೇ ಸಿಗತ್ತೆ, ವೇಟಿಂಗ್ ಲಿಸ್ಟ್ ಅನ್ನೋ ಪದಾನೇ ಇಲ್ಲ, ಆದ್ರೆ ಸೀಟಿಗೆ ಗ್ಯಾರಂಟಿ ಇಲ್ಲ, ರೇಟಿಗಂತೂ ತಲೆಬುಡ ಇಲ್ಲ. ಮ್ಯಾಂಚೆಸ್ಟರ್ ಲಂಡನ್ ಸಾಮಾನ್ಯ ಕ್ಲಾಸಿನ ಎನಿಟೈಮ್ ರಿಟರ್ನ್ 350 ಪೌಂಡ್ ದಾಟತ್ತೆ, ಅದೇ ರೈಲಲ್ಲಿ ಪಕ್ಕದ ಸೀಟಲ್ಲಿ ಕೂತವ್ರು ಅದರ ಕಾಲು ಭಾಗ ಕೊಟ್ಟಿರ್ಬೋದು. ಯಾಕೆ ಅಂದ್ರೆ ಮೂರು ಜಾತಿ ಟಿಕೆಟ್. ಎನಿಟೈಮ್ ಅಂದ್ರೆ ಯಾವ ರೈಲಾದ್ರೂ ಹತ್ತಿ. ಆಫ್‌ಪೀಕ್ ಅಂದ್ರೆ ರಶ್ ಟೈಮ್ ಬಿಟ್ಟು ಹತ್ತಿ, ಬೆಳಗಿನ ಪೀಕ್ ಸಾಮಾನ್ಯವಾಗಿ ಒಂಬತ್ತೂವರೆ ಸುಮಾರಿಗೆ ಮುಗಿಯತ್ತೆ, ಟಿಕೆಟ್ಟಿಂದ ಟಿಕೆಟ್ಟಿಗೆ ಬದಲಾಗತ್ತೆ, ಶನಿವಾರ ಭಾನುವಾರ ಇಡೀ ದಿನ ಆಫ್‌ಪೀಕ್ ಅನ್ಕೊಳಿ. ಅಡ್ವಾನ್ಸ್ ಅಂದ್ರೆ ಇದೇ ದಿನ ಇದೇ ರೈಲು, ತಪ್ಪಿದ್ರೆ ತಪ್ತು, ದುಡ್ಡು ವಾಪಸ್ ಇಲ್ಲ, ರೈಲು ಹೊರಡೋಕೆ ಮುಂಚೆ ಫೀ ಕಟ್ಟಿ ಬದಲಾಯಿಸ್ಕೋಬೋದು ಅಷ್ಟೇ. ನೀವು ನಿಮ್ಮ ಪ್ಲ್ಯಾನನ್ನ ಎಷ್ಟು ಗಟ್ಟಿಯಾಗಿ ಒಪ್ಕೊಂಡು ಕೂತಿದೀರಿ ಅನ್ನೋದರ ಮೇಲೆ ರೇಟು, ಮೈಲಿ ಲೆಕ್ಕ ಅದರ ಹಿಂದೆ ಎಲ್ಲೋ ಇರತ್ತೆ.

ಅಡ್ವಾನ್ಸ್ ಸುಮಾರು 12 ವಾರ ಮುಂಚೆ ಬಿಡ್ತಾರೆ. ಹಾಗಂತ ಹಿಂದಿನ ದಿನ ಖಾಲಿ ಆಗಿರತ್ತೆ ಅಂತ ಸುಮ್ನಾಗ್ಬೇಡಿ, ಎಷ್ಟೋ ರೂಟಲ್ಲಿ ಅದೇ ದಿನಾನೂ ಸಿಗತ್ತೆ, ನೋಡದೇ ಇರೋರೇ ಜಾಸ್ತಿ. ಇನ್ನೊಂದು, ಇಂಗ್ಲೆಂಡಲ್ಲಿ ರೆಗ್ಯುಲೇಟೆಡ್, ಅಂದ್ರೆ ಸರ್ಕಾರ ಮಿತಿ ಹಾಕೋ ದರಗಳನ್ನ ಮಾರ್ಚ್ 2027ರವರೆಗೆ ಏರಿಸಲ್ಲ ಅಂತ ಸರ್ಕಾರ ಹೇಳಿದೆ ಅಂತ ನ್ಯೂಸ್ ಓದಿ "ರೇಟು ಏರಲ್ವಂತಲ್ಲ" ಅಂತ ಬರ್ತಾರೆ, ಅಡ್ವಾನ್ಸ್ ಆ ಲೆಕ್ಕಕ್ಕೆ ಸೇರಲ್ಲ ಸ್ವಾಮಿ, ಅದು ಬೇಡಿಕೆ ನೋಡ್ಕೊಂಡು ಏರ್ತಾ ಇಳೀತಾ ಇರತ್ತೆ.

ಸರಿ, ಆ ಹುಡುಗನ ಕತೆಗೆ ಬರೋಣ. ಬರ್ಮಿಂಗ್‌ಹ್ಯಾಮಿಂದ ಲಂಡನ್ನಿಗೆ ಮೂರು ದಾರಿ. ನ್ಯೂ ಸ್ಟ್ರೀಟ್ ಸ್ಟೇಷನ್ನಿಂದ ಅವಂತಿ ಕಂಪನಿ ರೈಲು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಲಂಡನ್ನಿನ ಯೂಸ್ಟನ್ ಸ್ಟೇಷನ್ ಮುಟ್ಟಿಸತ್ತೆ, ದುಬಾರಿ. ಅಲ್ಲಿಂದಾನೇ ಲಂಡನ್ ನಾರ್ತ್‌ವೆಸ್ಟರ್ನ್ ರೈಲು ನಿಂತೂ ನಿಂತೂ ಎರಡು ಗಂಟೆ ಮೇಲೆ ತಗೊಳತ್ತೆ, ಅಗ್ಗ. ಹತ್ತು ನಿಮಿಷ ನಡೆದ್ರೆ ಮೂರ್ ಸ್ಟ್ರೀಟ್ ಸ್ಟೇಷನ್, ಅಲ್ಲಿಂದ ಚಿಲ್ಟರ್ನ್ ಕಂಪನಿ ರೈಲು ಲಂಡನ್ನಿನ ಮ್ಯಾರಿಲ್‌ಬೋನ್ ಸ್ಟೇಷನ್ನಿಗೆ, ಟೈಮೂ ರೇಟೂ ಇವೆರಡರ ಮಧ್ಯೆ. 1993ರ ಕಾನೂನಿಂದ ಬ್ರಿಟಿಷ್ ರೈಲ್ ಒಡೆದು ಬೇರೆ ಬೇರೆ ಕಂಪನಿಗೆ ಕೊಟ್ರಲ್ಲ, ಅದರ ಫಲ ಇದು. ಈಗ ಒಂದೊಂದಾಗಿ ಮತ್ತೆ ಸರ್ಕಾರದ ಕೈಗೆ ಬರ್ತಿವೆ, ಎಲ್‌ಎನ್‌ಇಆರ್ 2018ರಲ್ಲೇ ಬಂತು, ಸೌತ್ ವೆಸ್ಟರ್ನ್ ಮೇ 2025ರಲ್ಲಿ, ಆದ್ರೂ ಕೌಂಟರಲ್ಲಿ ಕೂತೋರಿಗೆ ರೇಟಿನ ಗೋಜಲು ಇನ್ನೂ ಹಾಗೇ ಇದೆ. ಟಿಕೆಟ್ ಮೇಲೆ ರೂಟ್ ಅಂತ ಬರೆದಿರತ್ತೆ ನೋಡಿ, ಅಲ್ಲಿ ಒಂದೇ ಕಂಪನಿ ಹೆಸರು ಇದ್ರೆ ಆ ಕಂಪನಿ ರೈಲಲ್ಲೇ ಹೋಗ್ಬೇಕು, ಎನಿ ಪರ್ಮಿಟೆಡ್ ಅಂತಿದ್ರೆ ಮಾತ್ರ ಸ್ವಾತಂತ್ರ್ಯ. ಅಗ್ಗದ ಟಿಕೆಟ್ ತಗೊಂಡು ಗೊತ್ತಿಲ್ದೆ ದುಬಾರಿ ರೈಲು ಹತ್ತಿ ಸಿಕ್ಕಾಕ್ಕೊಂಡು ಕಣ್ಣಲ್ಲಿ ನೀರು ಹಾಕ್ಕೊಂಡು ಬಂದೋರನ್ನ ನೋಡಿದೀನಿ. ಟಿಕೆಟ್ಟೇ ಇಲ್ಲದೆ ಸಿಕ್ಕಿಬಿದ್ರಂತೂ ಇಂಗ್ಲೆಂಡಲ್ಲಿ ಪೆನಾಲ್ಟಿ ಫೇರ್ 100 ಪೌಂಡ್, ಟಿಕೆಟ್ ದುಡ್ಡು ಬೇರೆ. 21 ದಿನದೊಳಗೆ ಕಟ್ಟಿದ್ರೆ ದಂಡ ಅರ್ಧ.

"ಎಂಟಕ್ಕೇ ಹೋಗ್ಬೇಕಾ, ಅಲ್ಲೇನಾದ್ರೂ ಅಪಾಯಿಂಟ್‌ಮೆಂಟಾ?" ಅಂತ ಕೇಳ್ದೆ. "ಇಲ್ಲ ಸರ್, ಬೇಗ ಹೋದ್ರೆ ಜಾಸ್ತಿ ಜಾಗ ನೋಡ್ಬೋದಲ್ಲ ಅಂತ." ಒಂಬತ್ತೂವರೆ ಆದ್ಮೇಲೆ ಹೊರಡಿ ಅಂದೆ. ಹುಡುಗನ ಹತ್ರ 26-30 ರೈಲ್‌ಕಾರ್ಡ್, ಅಂದ್ರೆ ಆ ವಯಸ್ಸಿನವ್ರಿಗೆ ಟಿಕೆಟ್ ರೇಟಲ್ಲಿ ಡಿಸ್ಕೌಂಟ್ ಕೊಡೋ ಕಾರ್ಡ್, ಇತ್ತು, ಅಪ್ಪ ಅಮ್ಮಂಗೆ ಏನೂ ಇಲ್ಲ, ಅವನಿಗೆ ಅದು ಇಲ್ಲಿನೋರಿಗೆ ಮಾತ್ರ ಅನ್ನೋ ನಂಬಿಕೆ. ಇದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು ಅನ್ಸತ್ತೆ: ವಿಸಿಟ್ ವೀಸಾದಲ್ಲಿ ಬಂದ ಅಪ್ಪ ಅಮ್ಮನೂ ರೈಲ್‌ಕಾರ್ಡ್ ತಗೋಬೋದು, 60 ದಾಟಿದ್ರೆ ಪಾಸ್‌ಪೋರ್ಟ್ ತೋರಿಸಿ ಕೌಂಟರಲ್ಲೇ ಸೀನಿಯರ್ ಕಾರ್ಡ್ ಮಾಡಿಸ್ಬೋದು. ಒಂದು ಕಾರ್ಡಿಗೆ ವರ್ಷಕ್ಕೆ 35 ಪೌಂಡ್, ಮೂರನೇ ಒಂದು ಭಾಗ ಕಮ್ಮಿ ಆಗತ್ತೆ, ಹೆಚ್ಚುಕಮ್ಮಿ ನೂರು ಪೌಂಡ್ ಓಡಾಟಕ್ಕೇ ಕಾಸು ಹುಟ್ಟತ್ತೆ. ಗಂಡ ಹೆಂಡ್ತಿ ಎಲ್ಲಾ ಕಡೆ ಜೊತೇಲೇ ಹೋಗೋರಾದ್ರೆ ಇಬ್ಬರಿಗೂ ಸೇರಿ ಒಂದೇ ಟೂ ಟುಗೆದರ್ ಕಾರ್ಡ್ ಸಾಕು, ಅದೂ 35, ಇಬ್ಬರ ಫೋಟೋ ಬೇಕು, ವಾರದ ದಿನ ಒಂಬತ್ತೂವರೆ ಮುಂಚೆ ನಡೆಯಲ್ಲ, ಇಬ್ಬರೂ ಒಂದೇ ರೈಲಲ್ಲಿ ಇರ್ಬೇಕು. ಜಗಳ ಆಡ್ಕೊಂಡು ಒಬ್ಬರೇ ಹೊರಟ್ರೆ ಡಿಸ್ಕೌಂಟ್ ಇಲ್ಲ ಅಂದೆ, ಯಜಮಾನ್ರು ಅವತ್ತು ಮೊದಲನೇ ಸಲ ನಕ್ಕಿದ್ದು.

ಟಿಕೆಟ್ ಸೀಳೋದು, ಅಂದ್ರೆ ಸ್ಪ್ಲಿಟ್ ಟಿಕೆಟ್, ಅದರ ಬಗ್ಗೆ ಕೆಲವರು ಪಿಸುಗುಟ್ಟಿ ಕೇಳ್ತಾರೆ, ಏನೋ ಕಳ್ಳತನ ಅನ್ನೋ ಹಾಗೆ. ಪೂರ್ತಿ ಕಾನೂನುಬದ್ಧ. ಲಂಡನ್ ಪ್ಯಾಡಿಂಗ್ಟನಿಂದ ಬ್ರಿಸ್ಟಲಿಗೆ ಒಂದು ಟಿಕೆಟ್ ಬದಲು ಪ್ಯಾಡಿಂಗ್ಟನಿಂದ ದಾರಿ ಮಧ್ಯದ ಡಿಡ್‌ಕಾಟಿಗೆ ಒಂದು, ಡಿಡ್‌ಕಾಟಿಂದ ಬ್ರಿಸ್ಟಲಿಗೆ ಒಂದು ತಗೊಂಡ್ರೆ ಎಷ್ಟೋ ಸಲ ಅಗ್ಗ ಆಗತ್ತೆ, ನೀವು ಸೀಟಿಂದ ಏಳೋದೂ ಬೇಡ. ಷರತ್ತು ಒಂದೇ, ರೈಲು ಡಿಡ್‌ಕಾಟಲ್ಲಿ ನಿಲ್ಲಬೇಕು. ಇದನ್ನ ಲೆಕ್ಕ ಹಾಕಿ ಕೊಡೋ ಆಪ್‌ಗಳೂ ಇವೆ. ಆಪ್ ಅಂದ್ಮೇಲೆ, ಕೆಲವು ಆಪ್‌ಗಳು ಬುಕಿಂಗ್ ಫೀ ಅಂತ ಮೇಲೆ ಹಾಕ್ತಾವೆ, ಅದೇ ಟಿಕೆಟ್ ರೈಲು ಕಂಪನಿಯ ಸ್ವಂತ ಸೈಟಲ್ಲಿ ಫೀ ಇಲ್ದೆ ಸಿಗತ್ತೆ, ಬೇರೆ ಕಂಪನಿ ರೈಲಿಂದೂ ಸಿಗತ್ತೆ.

ಈಗ ಕೋಚು, ಅಂದ್ರೆ ಇಲ್ಲಿ ಊರಿಂದೂರಿಗೆ ಹೋಗೋ ಬಸ್ಸು. ರೈಲು ಕೌಂಟರಲ್ಲಿ ಕೂತು ಹೇಳ್ಬಾರ್ದು, ಆದ್ರೂ ಹೇಳ್ತೀನಿ, ದುಡ್ಡೇ ಮುಖ್ಯ ಆದ್ರೆ ನ್ಯಾಷನಲ್ ಎಕ್ಸ್‌ಪ್ರೆಸ್, ಫ್ಲಿಕ್ಸ್‌ಬಸ್ ನೋಡಿ. ಲಂಡನ್ ಮ್ಯಾಂಚೆಸ್ಟರ್ ರೈಲಲ್ಲಿ ಎರಡು ಗಂಟೆ ಚಿಲ್ಲರೆ, ಕೋಚಲ್ಲಿ ಐದು ಗಂಟೆ ಸುಮಾರು, ಅದೂ ಮೋಟರ್‌ವೇ ಮೇಲೆ ಟ್ರಾಫಿಕ್ ಮನಸ್ಸು ಮಾಡಿದ್ರೆ. ಹೊಸದಾಗಿ ಓದೋಕೆ ಬರೋ ಮಕ್ಕಳಿಗೆ ಹೀಥ್ರೋ ಇಂದ ನೇರ ಕೋಚೇ ವಾಸಿ, ಲಂಡನ್ ಒಳಗೆ ಸೂಟ್‌ಕೇಸ್ ಎಳ್ಕೊಂಡು ಟ್ಯೂಬ್, ಅಂದ್ರೆ ಅಲ್ಲಿನ ಮೆಟ್ರೋ, ಬದಲಾಯಿಸೋ ಪಾಡು ಇಲ್ಲ. ಆದ್ರೆ ನ್ಯಾಷನಲ್ ಎಕ್ಸ್‌ಪ್ರೆಸ್ಸಲ್ಲಿ ಒಬ್ಬರಿಗೆ 20 ಕಿಲೋದ ಎರಡು ಸೂಟ್‌ಕೇಸ್, ನಮ್ಮವ್ರು ವಿಮಾನದ 23 ಕಿಲೋ ಲೆಕ್ಕಕ್ಕೆ ಚಟ್ನಿಪುಡಿ ಉಪ್ಪಿನಕಾಯಿ ತುಂಬ್ಕೊಂಡು ಬಂದಿರ್ತಾರೆ. ಇನ್ನೊಂದು ದೊಡ್ಡ ತಪ್ಪು ಅಂದ್ರೆ ವಿಮಾನ ಇಳಿಯೋ ಟೈಮಿಗೆ ಒಂದೂವರೆ ಗಂಟೆ ಕೂಡಿಸಿ ಅಡ್ವಾನ್ಸ್ ರೈಲು ಟಿಕೆಟ್ ಬುಕ್ ಮಾಡೋದು. ವಿಮಾನ ತಡ ಆದ್ರೆ ರೈಲಿನವ್ರಿಗೆ ಸಂಬಂಧ ಇಲ್ಲ, ಟಿಕೆಟ್ ಸತ್ತ ಹಾಗೆ. ಅವತ್ತೊಂದು ದಿನ ಮಾತ್ರ ದುಡ್ಡು ಉಳಿಸೋಕೆ ಹೋಗ್ಬೇಡಿ, ಆಫ್‌ಪೀಕ್ ತಗೊಳಿ, ಇಲ್ಲಾಂದ್ರೆ ಬದಲಾಯಿಸೋಕೆ ಬರೋ ಕೋಚ್ ಟಿಕೆಟ್.

ಅದೇ ರೈಲಿಂದ ರೈಲಿಗೆ ಬದಲಾಯಿಸುವಾಗ ಮೊದಲನೇದು ತಡ ಆಗಿ ಎರಡನೇದು ತಪ್ಪಿದ್ರೆ ಹೆದರ್ಬೇಡಿ. ಒಂದೇ ಪ್ರಯಾಣ ಅಂತ ಬುಕ್ ಮಾಡಿ ಮಧ್ಯೆ ಸಾಕಷ್ಟು ಟೈಮ್ ಇಟ್ಕೊಂಡಿದ್ರೆ ಅಡ್ವಾನ್ಸ್ ಟಿಕೆಟ್ಟಲ್ಲೇ ಅದೇ ಕಂಪನಿಯ ಮುಂದಿನ ರೈಲು ಹತ್ತಬೋದು, ಸ್ಟೇಷನ್ ಸಿಬ್ಬಂದಿಗೆ ಒಂದು ಮಾತು ಹೇಳಿ. ದೊಡ್ಡ ಗಲಾಟೆ ಆದ ದಿನ "ಟಿಕೆಟ್ ಆಕ್ಸೆಪ್ಟೆನ್ಸ್ ಇದ್ಯಾ" ಅಂತ ಕೇಳಿ, ಇದ್ರೆ ಬೇರೆ ಕಂಪನಿ ರೈಲಲ್ಲೂ ಬಿಡ್ತಾರೆ. ತಡವಾಗಿ ತಲುಪಿದ್ರೆ ಡಿಲೇ ರಿಪೇ ಅಂತ ಪರಿಹಾರ ಕೊಡ್ತಾರೆ, ಬಹಳಷ್ಟು ಕಂಪನಿಗಳಲ್ಲಿ 15 ನಿಮಿಷಕ್ಕೆ ಟಿಕೆಟ್ ದುಡ್ಡಿನ ಕಾಲು ಭಾಗ, 30 ನಿಮಿಷಕ್ಕೆ ಅರ್ಧ, ಒಂದು ಗಂಟೆಗೆ ಪೂರ್ತಿ, 28 ದಿನದೊಳಗೆ ಕೇಳ್ಬೇಕು. ರಿಟರ್ನ್ ಟಿಕೆಟ್ ಆದ್ರೆ ಸಾಮಾನ್ಯವಾಗಿ ತಡ ಆದ ಕಡೆಯ ಅರ್ಧಕ್ಕೆ ಲೆಕ್ಕ. ಕೋಚಿಗೆ ಈ ಭಾಗ್ಯ ಇಲ್ಲ. ನಾನು ಇದನ್ನ ಹೇಳಿದ್ದೇ ತಡ, ಆ ಯಜಮಾನ್ರು, ನಿವೃತ್ತ ಮೇಷ್ಟ್ರಂತೆ, ಊರಲ್ಲಿ ಮೂವತ್ತು ವರ್ಷ ಪ್ಯಾಸೆಂಜರ್ ರೈಲಲ್ಲಿ ಓಡಾಡಿದ್ದಕ್ಕೆ ತನಗೆ ಎಷ್ಟು ಬರ್ಬೇಕಿತ್ತು ಅಂತ ಅಲ್ಲೇ ಬಾಯಿಲೆಕ್ಕ ಶುರು ಹಚ್ಕೊಂಡ್ರು, ಹಿಂದೆ ಕ್ಯೂ ಬೆಳೀತಿತ್ತು.

ಅವ್ರು ಕೊನೆಗೆ ಟೂ ಟುಗೆದರ್ ಮಾಡಿಸ್ಕೊಂಡು ಚಿಲ್ಟರ್ನಲ್ಲಿ ಹೋದ್ರು. ಭಾನುವಾರ ವಾಪಸ್ ಬರೋ ಪ್ಲ್ಯಾನ್ ಇತ್ತು, ನಾನು ಹಳಿ ರಿಪೇರಿ ಇದ್ಯಾ ಮೊದ್ಲು ನೋಡಿ ಅಂದೆ, ವೀಕೆಂಡಲ್ಲೇ ಆ ಕೆಲಸ ಇಟ್ಕೋತಾರೆ, ಅವತ್ತು ರೈಲ್ ಟಿಕೆಟ್ಟಿಗೆ ಬಸ್ಸಲ್ಲಿ ಕೂರಿಸ್ತಾರೆ. ಹಾಗೇ ಡಿಸೆಂಬರ್ 25ಕ್ಕೆ ರೈಲೇ ಓಡಲ್ಲ, 26ಕ್ಕೂ ಇಲ್ಲ ಅನ್ನೋ ಹಾಗೇ, 24ರ ಸಂಜೆ ಬೇಗ ನಿಂತು ಹೋಗತ್ತೆ. ಪ್ರತಿ ವರ್ಷ ಆ ಸಂಜೆ ನಾನು ಶಟರ್ ಎಳೀಬೇಕು ಅನ್ನೋ ಹೊತ್ತಿಗೆ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಯಾರೋ ಒಬ್ಬ ವಿದ್ಯಾರ್ಥಿ "ನಾಳೆ ಲಂಡನ್ ಫಸ್ಟ್ ಟ್ರೈನ್ ಎಷ್ಟೊತ್ತಿಗೆ" ಅಂತ ಓಡಿ ಬರ್ತಾನೆ. ಅವನಿಗೆ ಡಿಗ್‌ಬೆತ್ ಕೋಚ್ ಸ್ಟೇಷನ್ ದಾರಿ ತೋರಿಸ್ತೀನಿ, ಹದಿನೈದು ನಿಮಿಷ ನಡಿಗೆ, ಕ್ರಿಸ್‌ಮಸ್ ದಿನಾನೂ ಅಲ್ಲಿಂದ ಕೆಲವು ಕೋಚ್ ಹೊರಡತ್ತೆ.