ಕೈ ಜೋಮಿಗೆ ಯಾವ ಆಪರೇಷನ್? ಮೊದಲು ನರ ನೋಡಿ, ಆಮೇಲೆ ಗಾಯದ ಅಳತೆ

"ಎಂಡೋಸ್ಕೋಪಿಯಲ್ಲೇ ಮಾಡಿ ಡಾಕ್ಟ್ರೇ, ಗಾಯ ಸಣ್ಣದಂತೆ" ಎಂದು, ಸಣ್ಣ ಕ್ಯಾಮೆರಾ ಒಳಗೆ ಹಾಕಿ ಮಾಡುವ ಆಪರೇಷನ್ನನ್ನೇ ಕೇಳಿಕೊಂಡು ಬರುವವರು ಈಗ ಉಡುಪಿಯಲ್ಲೂ ಜಾಸ್ತಿ. ಕೇಳುವುದು ಸರಿಯೇ. ಆದರೆ ಗಾಯ ಎಷ್ಟು ಸಣ್ಣದು ಅನ್ನುವ ಮೊದಲು ನರ ಎಷ್ಟು ಸೊರಗಿದೆ ಅಂತ ನೋಡಬೇಕಲ್ವಾ?

ಮಣಿಕಟ್ಟಿನ ಒಳಭಾಗದಲ್ಲಿ ಒಂದು ಗಟ್ಟಿ ಪಟ್ಟಿ ಉಂಟು. ಅದರಡಿಯ ಇಕ್ಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಹೋದರೆ ಹೆಬ್ಬೆರಳಿನಿಂದ ಉಂಗುರಬೆರಳಿನ ಅರ್ಧದವರೆಗೆ ಜೋಮು ಹಿಡಿಯುತ್ತದೆ, ಇದಕ್ಕೇ ಕಾರ್ಪಲ್ ಟನಲ್ ಸಿಂಡ್ರೋಮ್ ಅನ್ನುವುದು. ಕಿರುಬೆರಳಿಗೆ ಬೇರೆ ನರ, ಹಾಗಾಗಿ ಅದು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ನಡುರಾತ್ರಿ ಎದ್ದು ಕೈ ಕೊಡವುತ್ತಾ ಕೂರುವ ಬೀಡಿ ಕಟ್ಟುವ ಅಕ್ಕಂದಿರು, ಶಂಕರಪುರ ಮಲ್ಲಿಗೆ ಕಟ್ಟುವವರು ಇದನ್ನು ಚೆನ್ನಾಗಿ ಬಲ್ಲರು.

ಶುರುವಿನಲ್ಲಿ ರಾತ್ರಿ ಮಣಿಕಟ್ಟು ನೇರ ಇಡುವ ಸ್ಪ್ಲಿಂಟ್ ಸಾಕಾಗಬಹುದು. ಬಸುರಿಯರಲ್ಲಿ ಹೆಚ್ಚಾಗಿ ಹೆರಿಗೆಯಾದ ಮೇಲೆ ತಾನಾಗಿಯೇ ಇಳಿಯುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ, ಆದರೆ ಕೆಲವು ತಿಂಗಳಲ್ಲಿ ಎಷ್ಟೋ ಜನರಿಗೆ ಜೋಮು ಮರಳುತ್ತದೆ. ಶುಗರ್ ಇದ್ದವರು ಮೊದಲೇ ಹೇಳಿ, ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರಬಹುದು.

ಆಪರೇಷನ್‌ನಲ್ಲಿ ಮಾಡುವುದು ಒಂದೇ ಕೆಲಸ, ಆ ಪಟ್ಟಿಯನ್ನು ಪೂರ್ತಿ ಕತ್ತರಿಸಿ ಬಿಡಿಸುವುದು. ಸಣ್ಣದಾಗಿ ತೆರೆದು ಮಾಡುವ ಮಿನಿ-ಓಪನ್‌ನಲ್ಲಿ ಅಂಗೈಯಲ್ಲಿ ಸುಮಾರು 2-3 ಸೆಂ.ಮೀ. ಗಾಯ, ಕೈಯನ್ನಷ್ಟೇ ಮರಗಟ್ಟಿಸಿ ಮಾಡಬಹುದು, ನರ ಕಣ್ಣೆದುರೇ ಕಾಣುತ್ತದೆ. ಎಂಡೋಸ್ಕೋಪಿಯಲ್ಲಿ ಮಣಿಕಟ್ಟಿನ ಗೆರೆಯ ಹತ್ತಿರ ಸುಮಾರು 1 ಸೆಂ.ಮೀ. ಗಾಯ, ಕ್ಯಾಮೆರಾ ಒಳಗೆ ಹಾಕಿ ಪಟ್ಟಿಯನ್ನು ಅಡಿಯಿಂದ ಕತ್ತರಿಸುತ್ತೇವೆ. ಅಂಗೈ ಚರ್ಮ ಉಳಿಯುವುದರಿಂದ ಕಲೆಯ ನೋವು ಕಮ್ಮಿ, ಕೆಲಸಕ್ಕೆ ಸ್ವಲ್ಪ ಬೇಗ ಹೋಗಬಹುದು, ದಿನಗೂಲಿಯವರಿಗೆ ಅದು ದೊಡ್ಡ ವಿಷಯವೇ. ಆದರೆ ನರಕ್ಕೆ ತಾತ್ಕಾಲಿಕ ತೊಂದರೆ ಆಗುವ ಸಾಧ್ಯತೆ ಇದರಲ್ಲಿ ತುಸು ಹೆಚ್ಚು, ಖರ್ಚೂ ಹೆಚ್ಚು. ವರ್ಷ ಕಳೆದ ಮೇಲೆ ಎರಡರ ಫಲವೂ ಹೆಚ್ಚುಕಮ್ಮಿ ಒಂದೇ. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ತೂತಿನಿಂದ ದಾರ ಹಾಕಿ ಪಟ್ಟಿ ಕೊಯ್ಯುವ ಹೊಸ ವಿಧಾನವೂ ಉಂಟು, ಅದನ್ನು ಮಾಡುವವರು ಇನ್ನೂ ಕಡಿಮೆ.

ಹಾಗಾಗಿ ನಾನು ಹೇಳುವುದು ಇಷ್ಟೇ, ನಿಮ್ಮ ಸರ್ಜನ್ ದಿನಾ ಮಾಡುವ ವಿಧಾನ ಯಾವುದು ಅಂತ ಕೇಳಿ, ಅದನ್ನೇ ಮಾಡಿಸಿಕೊಳ್ಳಿ. ಮಧ್ಯದಲ್ಲಿ ಕ್ಯಾಮೆರಾದಲ್ಲಿ ಸರಿ ಕಾಣದೆ ಓಪನ್ ಮಾಡಿದರೆ ಸಿಟ್ಟಾಗಬೇಡಿ, ನಿಮ್ಮ ನರ ಉಳಿಸಲಿಕ್ಕೇ ಅದು. ಯಾವ ವಿಧಾನವಾದರೂ ಕಾಯಿ ಹೆರೆಯುವಾಗ ಅಂಗೈ ಬುಡ ಕೆಲವು ವಾರ ನೋಯುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ.

ಎರಡೂ ಅಂಗೈ ಪಕ್ಕಪಕ್ಕ ಹಿಡಿದು ಹೆಬ್ಬೆರಳ ಬುಡದ ಉಬ್ಬು ನೋಡಿ. ಒಂದು ಕಡೆ ಸ್ನಾಯು ಸೊರಗಿ ಚಪ್ಪಟೆಯಾಗಿದ್ದರೆ, ಅಂಗಿಯ ಗುಂಡಿ ಹಾಕಲು ತಡಕಾಡುತ್ತಿದ್ದರೆ, ಸುಮ್ನೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸಿಕೊಂಡು ಕಾಯಬೇಡಿ. ರಾತ್ರಿಯ ಜೋಮು ಆಪರೇಷನ್ ಆದ ಮೇಲೆ ಬೇಗ ಹೋಗುತ್ತದೆ, ಸೊರಗಿದ ಸ್ನಾಯು ಮಾತ್ರ ಪೂರ್ತಿ ಮರಳುತ್ತದೆ ಎಂಬ ಭರವಸೆ ಯಾವ ವಿಧಾನದಲ್ಲೂ ಇಲ್ಲ.