ಪದ ಪರಿಚಯ: ಡಿಸ್ಕ್ ಇಮೇಜ್, ಅಂದರೆ ಪಡಿಯಚ್ಚು

ಮೂಡಿಗೆರೆ, ಸಕಲೇಶಪುರದ ಕಡೆ ಹಳೇ ಎಸ್ಟೇಟ್ ಆಫೀಸಿನ ಅಟ್ಟದಿಂದ ಫ್ಲಾಪಿ (ಹಳೇ ಕಂಪ್ಯೂಟರಿನ ತೆಳು ಕಾಂತೀಯ ಡಿಸ್ಕು) ಡಬ್ಬಿ ಇಳಿಸಿದವರೆಲ್ಲ ಹೇಳುವುದು ಒಂದೇ: ‘ಇಮೇಜ್ ತೆಗೆದಿಟ್ಟಿದ್ದೀವಿ.’ ಪೆನ್‌ಡ್ರೈವ್ ತೆರೆದರೆ ಫ್ಲಾಪಿ ಲೇಬಲ್ಲಿನ ಮೊಬೈಲ್ ಫೋಟೋ ಇರುತ್ತದೆ, ಇಲ್ಲವೇ ಎಳೆದು ಹಾಕಿದ ನಾಲ್ಕು ಫೈಲು. ಎರಡೂ ಇಮೇಜ್ ಅಲ್ಲ. ಡಿಸ್ಕಿನ ಮೊದಲ ಬೈಟಿನಿಂದ ಕೊನೆಯ ಬೈಟಿನ ತನಕ ಇದ್ದದ್ದನ್ನೆಲ್ಲ ಇದ್ದ ಹಾಗೇ ಒಂದೇ ಫೈಲಿಗೆ ಇಳಿಸಿಕೊಂಡದ್ದು ಡಿಸ್ಕ್ ಇಮೇಜ್. ‘ಚಿತ್ರ’, ‘ಬಿಂಬ’ ಎಂದು ಅನುವಾದಿಸಿದವರಿಂದ ಗೊಂದಲ ಹೆಚ್ಚಿತೇ ಹೊರತು ಇಳಿಯಲಿಲ್ಲ.

ಇದಕ್ಕೆ ಒಪ್ಪುವ ಮಾತು ಮನೆಯಲ್ಲೇ ಇದೆ: ಪಡಿಯಚ್ಚು. ‘ಮಗ ಅಪ್ಪನ ಪಡಿಯಚ್ಚು’ ಅನ್ನುತ್ತೇವಲ್ಲ, ಅದೇ. ಇಲ್ಲಿಯ ‘ಪಡಿ’ ಸಂಸ್ಕೃತದ ‘ಪ್ರತಿ’ಯ ತದ್ಭವ, ಪ್ರತಿಹಾರ ಹಳಗನ್ನಡದಲ್ಲಿ ಪಡಿಯರ ಆದದ್ದೂ ಇದೇ ದಾರಿಯಲ್ಲಿ. ಪಡಿಚೀಟಿಯ ಪಡಿ ಅಳತೆಯದ್ದು, ಅದನ್ನು ಇಲ್ಲಿಗೆ ಎಳೆಯಬೇಡಿ. ತಮಾಷೆಯೆಂದರೆ, ಹುಟ್ಟು ಒಂದೇ ಆದರೂ ‘ಪ್ರತಿ’ ಮತ್ತು ‘ಪಡಿಯಚ್ಚು’ ಬೇರೆ ಬೇರೆ ಕೆಲಸಕ್ಕೆ ನಿಂತಿವೆ. ಓಲೆಗರಿಯನ್ನು ಪ್ರತಿ ಮಾಡುವವನು ಅಕ್ಷರ ಇಳಿಸಿಕೊಳ್ಳುತ್ತಾನೆ. ಹುಳ ತಿಂದ ತೂತು, ಕೆರೆದು ತಿದ್ದಿದ ಗುರುತು ಅವನಿಗೆ ಬೇಡ. ಪಡಿಯಚ್ಚಿಗೆ ಅವೂ ಬೇಕು.

ಫೈಲ್ ಕಾಪಿ ಬರೀ ಪ್ರತಿ. ಡೈರೆಕ್ಟರಿ ತೋರಿಸಿದಷ್ಟೇ ಬರುತ್ತದೆ. ಡಾಸ್ (ಹಳೇ ಪಿಸಿಗಳ ಕಾರ್ಯಾಚರಣಾ ವ್ಯವಸ್ಥೆ) ಫ್ಲಾಪಿಯಲ್ಲಿ ಫೈಲ್ ಅಳಿಸಿದರೆ ಅದರ ಹೆಸರಿನ ಮೊದಲ ಬೈಟ್ ಇ5 ಎಂಬ ಅಳಿಸಿದ ಗುರುತಾಗುತ್ತದೆ, ಅದಿದ್ದ ಜಾಗ ಖಾಲಿ ಎಂದು ದಾಖಲಾಗುತ್ತದೆ, ಅಷ್ಟೇ. ಒಳಗಿನ ಮಸ್ಟರ್ ರೋಲ್ ಲೆಕ್ಕ ಅದರ ಮೇಲೆ ಇನ್ನೊಂದು ಬರೆಯುವ ತನಕ ಹಾಗೇ ಕೂತಿರುತ್ತದೆ. ಯಂತ್ರ ಚಾಲೂ ಆಗುವಾಗ ಡಿಸ್ಕಿನಲ್ಲಿ ಮೊದಲು ಓದುವ ತುಂಡಾದ ಬೂಟ್ ಸೆಕ್ಟರ್ ಕೂಡ ಕಾಪಿಗೆ ಸಿಗದು. ಹಳೇ ಯಂತ್ರವನ್ನು ಮತ್ತೆ ಏಳಿಸುವವರಿಗೆ ಮೊದಲು ಬೇಕಾಗುವುದೇ ಅದು.

ಇಮೇಜ್ ಹೌದೋ ಅಲ್ಲವೋ ತಿಳಿಯಲು ಗಾತ್ರ ನೋಡಿ. 3.5 ಇಂಚಿನ ಎಚ್‌ಡಿ ಡಾಸ್ ಫ್ಲಾಪಿಗೆ 2 ಬದಿ, ಬದಿಗೆ 80 ಟ್ರ್ಯಾಕ್ (ಬಳೆಯಂಥ ಸಾಲು), ಟ್ರ್ಯಾಕಿಗೆ 18 ಸೆಕ್ಟರ್ (ಆ ಸಾಲಿನ ತುಂಡು), ಸೆಕ್ಟರಿಗೆ 512 ಬೈಟ್. ಗುಣಿಸಿದರೆ 14,74,560. ಒಳಗೆ ಒಂದೇ ಪತ್ರವಿದ್ದರೂ ಇಮೇಜ್ ಇಷ್ಟೇ ಇರಬೇಕು. 5.25 ಇಂಚಿನ 360 ಕೆಬಿಯದಾದರೆ 3,68,640. ‘1.44 ಎಂಬಿ’ಯನ್ನು ನೆಚ್ಚಬೇಡಿ. ಅದು ಒಮ್ಮೆ 1000, ಒಮ್ಮೆ 1024 ಹಿಡಿದು ಗುಣಿಸಿದ ಕಲಬೆರಕೆ ಲೆಕ್ಕ. ಗಾತ್ರ ಸರಿಯಿದ್ದ ಮಾತ್ರಕ್ಕೆ ಎಲ್ಲ ಬಂದಿದೆ ಅಂತಲೂ ಅಲ್ಲ. ಓದಲಾಗದ ಸೆಕ್ಟರಿನ ಜಾಗದಲ್ಲಿ ಸಾಮಾನ್ಯವಾಗಿ ಸೊನ್ನೆ ತುಂಬಿರುತ್ತದೆ. ಹಾಳಾದ ಡಿಸ್ಕಿನಿಂದ ಓದಿ ತೆಗೆಯುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿದರೆ ಅದರ ಮ್ಯಾಪ್ ಫೈಲನ್ನೂ ಇಮೇಜ್ ಪಕ್ಕದಲ್ಲೇ ಇಡಿ. ಯಾವುದು ನಿಜವಾದ ಸೊನ್ನೆ, ಯಾವುದು ತೂತು ಎಂದು ಹೇಳುವುದು ಅದೇ.

ಡ್ರೈವಿಗೆ ಹಾಕುವ ಮೊದಲು ರೈಟ್ ಪ್ರೊಟೆಕ್ಟ್, ಅಂದರೆ ಫ್ಲಾಪಿಯ ಮೇಲೆ ಏನೂ ಬರೆಯದಂತೆ ತಡೆ. 3.5ರಲ್ಲಿ ಮೂಲೆಯ ಕಿಂಡಿ ತೆರೆದಿರಬೇಕು, 5.25ರಲ್ಲಿ ಪಕ್ಕದ ಕಚ್ಚಿಗೆ ಟೇಪ್ ಅಂಟಿಸಿರಬೇಕು. ಉಲ್ಟಾ ನೆನಪಿಟ್ಟುಕೊಂಡವರೇ ಜಾಸ್ತಿ. ಇದನ್ನು ಮರೆತು ವಿಂಡೋಸ್ 98 ಯಂತ್ರಕ್ಕೆ ಹಾಕಿದರೆ, ನೀವೇನೂ ಬರೆಯದಿದ್ದರೂ ಅದು ಬೂಟ್ ಸೆಕ್ಟರಿನ ಒಇಎಂ ಹೆಸರಿನ (ಫ್ಲಾಪಿಯನ್ನು ಫಾರ್ಮ್ಯಾಟ್ ಮಾಡಿದ ವ್ಯವಸ್ಥೆಯ ಹೆಸರು) ಮೇಲೆ ತನ್ನ ಗುರುತು ಒತ್ತಿಬಿಡುತ್ತದೆ.

ಮಲೆನಾಡಿನ ಫ್ಲಾಪಿಗೆ ಇನ್ನೊಂದು ಕಾಟ, ಬೂಷ್ಟು. 3.5ರ ಶಟರ್ (ಜಾರುವ ಮುಚ್ಚಳ) ಸರಿಸಿ, ಹಿಂಬದಿಯ ಲೋಹದ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಬೂದು ಚುಕ್ಕಿ, ಜೇಡರ ಬಲೆಯಂಥ ಎಳೆ ಕಂಡರೆ ಹಾಗೇ ಡ್ರೈವಿಗೆ ಹಾಕಬೇಡಿ. ಬೂಷ್ಟು ಡ್ರೈವಿನ ಓದುವ ಹೆಡ್ಡಿಗೆ ಮೆತ್ತಿಕೊಂಡು ಆ ಫ್ಲಾಪಿಯ ಲೇಪವನ್ನೂ ಕೆರೆಯುತ್ತದೆ, ಮುಂದೆ ಹಾಕಿದ್ದರದ್ದನ್ನೂ. 99% ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಎರಡೂ ಬದಿ ಹಗುರಾಗಿ ಒರೆಸಿ, ಪೂರ್ತಿ ಒಣಗಲು ಬಿಡಿ. ಕಡ್ಡಿಗೆ ಕಂದು ಬಣ್ಣ ಹತ್ತಿತೋ, ಲೇಪವೇ ಏಳುತ್ತಿದೆ, ನಿಲ್ಲಿಸಿ. ಓದುವಾಗ ಡ್ರೈವ್ ಕಿರ್ರೆಂದರೆ ತಕ್ಷಣ ಹೊರತೆಗೆದು ಹೆಡ್ ಒರೆಸಿ. ‘ರಿಟ್ರೈ’ ಒತ್ತುತ್ತ ಕೂತರೆ ಫ್ಲಾಪಿಗೆ ಸಾಣೆ ಹಿಡಿದಂತೆ.

3.5 ಇಂಚಿನ ಡಾಸ್ ಫ್ಲಾಪಿಗೆ ಯುಎಸ್‌ಬಿ ಡ್ರೈವ್ ಸಾಕು. ಅಮಿಗಾ ಎಂಬ ಹಳೇ ಕಂಪ್ಯೂಟರಿನ ಡಿಸ್ಕಿಗಾಗಲಿ, 1984ರ ಕ್ಲಾಸ್ (ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆಯ) ಯೋಜನೆಯಲ್ಲಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಕಂಪ್ಯೂಟರಿನ ಡಿಸ್ಕಿಗಾಗಲಿ ಅದು ಆಗಿಬರದು. ಗ್ರೀಸ್‌ವೀಝಲ್ ಎಂಬ, ಹಳೇ ಡ್ರೈವನ್ನು ಯುಎಸ್‌ಬಿಗೆ ಜೋಡಿಸುವ ಬೋರ್ಡು, 34 ಪಿನ್ನಿನ ರಿಬ್ಬನ್ ಕೇಬಲ್, ಆ ಅಳತೆಯ ಹಳೇ ಡ್ರೈವ್ ಬೇಕು. ಕಾಂತದ ದಿಕ್ಕು ಯಾವ ಯಾವ ಕ್ಷಣದಲ್ಲಿ ಬದಲಾಯಿತು ಎಂಬುದನ್ನೇ ಆ ಬೋರ್ಡು ದಾಖಲಿಸುವುದರಿಂದ ಒಂದು ಫ್ಲಾಪಿಗೆ ಹತ್ತಾರು ಎಂಬಿ ಹಿಡಿಯುತ್ತದೆ. ಪಡಿಯಚ್ಚು ಎಂಬ ಮಾತಿಗೆ ಪೂರಾ ತಕ್ಕದ್ದು ಇದು.

ಇಮೇಜಿನಿಂದ ತೆಗೆದ ಕನ್ನಡ ಕಡತದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ‘ಫ್ಲಾಪಿ ಹಾಳಾಗಿದೆ’ ಎಂದು ಎಸೆಯಬೇಡಿ. ಅದು ಯೂನಿಕೋಡಿಗೆ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಮೊದಲಿನ ಬರವಣಿಗೆ. ಬರೆದ ತಂತ್ರಾಂಶ ‘ಶ್ರೀಲಿಪಿ’ಯೋ ‘ಬರಹ’ವೋ ‘ನುಡಿ’ಯೋ, ಅದರ ಫಾಂಟ್ ಬೇಕು. ಎಷ್ಟೋ ಸಲ ಅದು ಅದೇ ಡಬ್ಬಿಯ ಇನ್ನೊಂದು ಫ್ಲಾಪಿಯಲ್ಲಿರುತ್ತದೆ.