ಸ್ಟಿಯರಿಂಗ್ ಬಲಗಡೆ ಇದೆ, ಹಾಗೇ ಬಿಡಿ

‘ಡೀಟೂರ್’ ಅಂತ 1945ರ ಒಂದು ಅಮೆರಿಕನ್ ಸಿನಿಮಾ. ನಾಯಕ ನ್ಯೂಯಾರ್ಕ್‌ನ ಒಂದು ಕ್ಲಬ್ಬಿನಲ್ಲಿ ಪಿಯಾನೊ ನುಡಿಸುವವನು. ಹುಡುಗಿ ಹಾಲಿವುಡ್‌ನಲ್ಲಿದ್ದಾಳೆ, ಇವನ ಜೇಬಿನಲ್ಲಿ ಕಾಸಿಲ್ಲ. ಹೈವೇ ಬದಿಯಲ್ಲಿ ನಿಂತು ಸಿಕ್ಕ ಗಾಡಿಗೆಲ್ಲ ಹೆಬ್ಬೆರಳು ತೋರಿಸುತ್ತಾ ಹೊರಡುತ್ತಾನೆ. ಕಾರು ನಿಲ್ಲುತ್ತದೆ, ಹತ್ತುತ್ತಾನೆ. ಈ ದೃಶ್ಯವನ್ನು ನಮ್ಮ ಕಡೆಯವರಿಗೆ ತೋರಿಸಿ, ಯಾರಿಗೂ ಏನೂ ಅನಿಸುವುದಿಲ್ಲ. ಡ್ರೈವರ್ ಬಲಗಡೆ ಕೂತಿದ್ದಾನೆ. ಗಾಡಿ ರಸ್ತೆಯ ಎಡಬದಿಯಲ್ಲಿ ಹೋಗುತ್ತಿದೆ. ತುಮಕೂರು ರಸ್ತೆಯಲ್ಲೂ ಹೀಗೇ ಅಲ್ವಾ?

ಆದರೆ ಅದು ಅಮೆರಿಕ. ಅಲ್ಲಿ ಡ್ರೈವರ್ ಎಡಗಡೆ ಕೂರಬೇಕು. ನಾನೂ ಮೊದಲ ಸಲ ನೋಡಿದಾಗ ಗಮನಿಸಿರಲಿಲ್ಲ. ಎರಡನೇ ಸಲ ನೋಡುವಾಗ ಪಕ್ಕದಲ್ಲಿ ಕೂತಿದ್ದ, ಅಮೆರಿಕದಲ್ಲಿ ಇಪ್ಪತ್ತು ವರ್ಷ ಇದ್ದು ಬಂದ ನನ್ನ ಭಾವ, ‘ಇದೇನಪ್ಪಾ, ಇವನು ರಾಂಗ್ ಸೈಡಲ್ಲಿ ಓಡಿಸ್ತಿದ್ದಾನೆ’ ಅಂದರು. ಆಗ ಹೊಳೆಯಿತು. ಆ ಶಾಟ್‌ಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ಹಾಕಿದ್ದಾರೆ. ಭೂಪಟದಲ್ಲಿ ನ್ಯೂಯಾರ್ಕ್ ಬಲಕ್ಕಿದೆ, ಲಾಸ್ ಏಂಜಲೀಸ್ ಎಡಕ್ಕೆ. ಪ್ರಯಾಣ ತೆರೆಯ ಮೇಲೂ ಬಲದಿಂದ ಎಡಕ್ಕೇ ಸಾಗಲಿ ಅಂತ ಹೀಗೆ ಮಾಡಿದರು ಅನ್ನುತ್ತಾರೆ. ಮತ್ತೆ ಹೋಗಿ ಶೂಟ್ ಮಾಡಲು ದುಡ್ಡೆಲ್ಲಿತ್ತು? ಫಿಲ್ಮ್ ತಿರುಗಿಸಿದರೆ ಕೆಲಸ ಮುಗಿಯಿತು.

ಹಳೇ ಸಿನಿಮಾಗಳ ಫ್ರೇಮ್ ತೊಳೆಯುವುದು ನನ್ನ ಕಸುಬು. ಹೆಸರಿಗೆ ರೆಸ್ಟೋರೇಶನ್. ದಿನವಿಡೀ ಕತ್ತಲೆ ಕೋಣೆಯಲ್ಲಿ ಮಾನಿಟರ್ ಮುಂದೆ ಕೂತು ಧೂಳು, ಗೀರು, ಕಲೆ ತೆಗೆಯುವ ಕೆಲಸ. ಆ ಶಾಟ್‌ಗಳು ನನ್ನ ಮುಂದೆ ಬಂದಿದ್ದರೆ ಒಂದೇ ಒಂದು ಕ್ಲಿಕ್‌ನಲ್ಲಿ ಕಾರನ್ನು ‘ಸರಿ’ ಮಾಡಬಹುದಿತ್ತು. ಮಾಡಬೇಕಾ? ಖಂಡಿತಾ ಬೇಡ. ನನ್ನ ಕೆಲಸದ ಕಷ್ಟವೆಲ್ಲ ಇರುವುದು ಇಲ್ಲೇ. ಅಳಿಸುವುದನ್ನು ಆರು ತಿಂಗಳಲ್ಲಿ ಕಲಿಯಬಹುದು. ಯಾವುದನ್ನು ಮುಟ್ಟಬಾರದು ಅನ್ನುವುದಕ್ಕೆ ವರ್ಷಗಳು ಬೇಕು.

ಈ ಸಿನಿಮಾ ‘ಫಿಲ್ಮ್ ನುವಾರ್’ ಅನ್ನುವ ಜಾತಿಗೆ ಸೇರಿದ್ದು. ನುವಾರ್ ಅಂದರೆ ಫ್ರೆಂಚಿನಲ್ಲಿ ಕಪ್ಪು. ರಾತ್ರಿ, ನೆರಳು, ಸಿಗರೇಟ್ ಹೊಗೆ, ಒಂದು ತಪ್ಪು ಹೆಜ್ಜೆ ಇಟ್ಟು ಹಳ್ಳಕ್ಕೆ ಬೀಳುವ ಗಂಡಸು, ಅವನಿಗಿಂತ ಚುರುಕಾದ ಒಬ್ಬ ಹೆಂಗಸು. ನಿರ್ದೇಶಕ ಎಡ್ಗರ್ ಜಿ. ಉಲ್ಮರ್ ಯುರೋಪಿನಲ್ಲಿ ಕೆಲಸ ಕಲಿತು ಅಮೆರಿಕಕ್ಕೆ ಬಂದವರು. ಸಿನಿಮಾ ಮಾಡಿದ್ದು ಪಿಆರ್‌ಸಿ ಅನ್ನುವ ಬಡ ಕಂಪನಿಗೆ. ಇಂಥ ಕಂಪನಿಗಳ ಗುಂಪಿಗೆ ಹಾಲಿವುಡ್‌ನಲ್ಲಿ ‘ಪವರ್ಟಿ ರೋ’ ಅಂತಲೇ ಹೆಸರು. ಬಡವರ ಕೇರಿ ಅಂತಿಟ್ಟುಕೊಳ್ಳಿ. ಆರೇ ದಿನದಲ್ಲಿ ಶೂಟಿಂಗ್ ಮುಗಿಸಿದೆ ಅಂತ ಉಲ್ಮರ್ ಹೇಳಿಕೊಳ್ಳುತ್ತಿದ್ದರು. ದಾಖಲೆ ಕೆದಕಿದವರು ‘ಇಲ್ಲ, ಅದಕ್ಕಿಂತ ಜಾಸ್ತಿ’ ಅನ್ನುತ್ತಾರೆ. ಏನೇ ಇರಲಿ, ಎರಡು ಗಂಟೆಯ ದೊಡ್ಡ ಚಿತ್ರಗಳ ಕಾಲದಲ್ಲಿ ಇದು 69 ನಿಮಿಷಕ್ಕೆ ಮುಗಿಯುತ್ತದೆ. ನಟ ಟಾಮ್ ನೀಲ್, ನಟಿ ಆನ್ ಸ್ಯಾವೇಜ್ ಇಬ್ಬರೇ ಹೆಚ್ಚುಕಡಿಮೆ ಪೂರ್ತಿ ಹೊರುತ್ತಾರೆ. 1992ರಲ್ಲಿ ಅಮೆರಿಕ ಇದನ್ನು ತನ್ನ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ, ಅಂದರೆ ಉಳಿಸಿಕೊಳ್ಳಲೇಬೇಕಾದ ಚಿತ್ರಗಳ ಪಟ್ಟಿಗೆ, ಸೇರಿಸಿಕೊಂಡಿತು. 2018ರಲ್ಲಿ ರೆಸ್ಟೋರ್ ಆದ ಸಿನಿಮಾ ಥಿಯೇಟರಿಗೆ ಬಂತು, 2019ರಲ್ಲಿ ಹಳೇ ಚಿತ್ರಗಳ ಡಿಸ್ಕ್ ತರುವ ಕ್ರೈಟೀರಿಯನ್ ಕಂಪನಿ ಬ್ಲೂ-ರೇ, ಅಂದರೆ ಡಿವಿಡಿಗಿಂತ ಸ್ಪಷ್ಟವಾದ ಡಿಸ್ಕ್, ಹೊರಡಿಸಿತು.

ಅಷ್ಟು ಹೊತ್ತಿಗೆ ಈ ಸಿನಿಮಾ ನೋಡದವರು ಕಡಿಮೆ, ಚೆನ್ನಾಗಿ ನೋಡಿದವರು ಇನ್ನೂ ಕಡಿಮೆ. ಕಾರಣ ಕಾನೂನು. ಆಗ ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಮೊದಲಿಗೆ 28 ವರ್ಷ. ಆಮೇಲೆ ಮತ್ತೆ ಅರ್ಜಿ ಹಾಕಿ ನವೀಕರಿಸಬೇಕಿತ್ತು. ಈ ಚಿತ್ರಕ್ಕೆ ಯಾರೂ ಹಾಕಲಿಲ್ಲ. ಸಿನಿಮಾ ಸಾರ್ವಜನಿಕ ಸೊತ್ತಾಯಿತು. ಬೀದಿಯಲ್ಲಿ ಬಿಟ್ಟ ಹಸುವಿನ ಹಾಗೆ, ಹಾಲು ಕರೆಯುವವರು ಎಲ್ಲರೂ, ಮೇವು ಹಾಕುವವರು ಯಾರೂ ಇಲ್ಲ. ಪ್ರತಿಯಿಂದ ಪ್ರತಿ, ಅದರಿಂದ ಮತ್ತೊಂದು ಪ್ರತಿ ಮಾಡಿ ಮಾರಿದರು. ಒಂದೊಂದು ಸಲ ಪ್ರತಿ ತೆಗೆದಾಗಲೂ ಕಪ್ಪು ಸ್ವಲ್ಪ ಬೂದಿಯಾಗುತ್ತದೆ, ಬಿಳಿ ಸುಟ್ಟುಹೋಗುತ್ತದೆ, ನಡುವೆ ಇರುವ ಹತ್ತಾರು ಛಾಯೆಗಳು ಮಾಯ. ಜೆರಾಕ್ಸ್‌ನ ಜೆರಾಕ್ಸ್ ತೆಗೆಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ನಾನು ಮೊದಲು ನೋಡಿದ್ದು ಅಂಥದ್ದೇ ಪ್ರತಿ. ಮುಖಗಳು ಇಡ್ಲಿ ಹಾಗೆ ಬೆಳ್ಳಗೆ. ಕಣ್ಣಿಗೆ ಎರಡು ತೂತು.

ಮೂಲ ನೆಗೆಟಿವ್ ಸಿಕ್ಕಲಿಲ್ಲ. ಅಕಾಡೆಮಿ ಫಿಲ್ಮ್ ಆರ್ಕೈವ್ ಮತ್ತು ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್ ಈ ಕೆಲಸ ಕೈಗೆತ್ತಿಕೊಂಡಾಗ ಊರೂರು ಹುಡುಕಬೇಕಾಯಿತು. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್, ಪ್ಯಾರಿಸ್‌ನ ಸಿನೆಮಾಟೆಕ್ (ಸಿನಿಮಾ ಸಂಗ್ರಹಾಲಯ), ಬೆಲ್ಜಿಯಂನ ಸಿನೆಮಾಟೆಕ್, ಮೂರೂ ಕೈ ಜೋಡಿಸಿದವು. ಬೆಲ್ಜಿಯಂನಲ್ಲಿ ಸಿಕ್ಕ ಪ್ರಿಂಟಿನ ಚಿತ್ರ ಬಹಳ ಚೆನ್ನಾಗಿತ್ತು. ಆದರೆ ಒಂದು ತೊಡಕು. ಫ್ರೇಮಿನ ಮೇಲೇ ಫ್ರೆಂಚ್, ಫ್ಲೆಮಿಶ್ ಎರಡು ಭಾಷೆಯ ಸಬ್‌ಟೈಟಲ್ ಅಚ್ಚಾಗಿತ್ತು.

ಈ ಸುದ್ದಿ ಓದಿದಾಗ ನನ್ನ ಬೆರಳುಗಳೇ ನೋಯತೊಡಗಿದವು. ಡಿವಿಡಿಯ ಸಬ್‌ಟೈಟಲ್ ಆದರೆ ಆಫ್ ಮಾಡಬಹುದು. ಇದು ಫಿಲ್ಮಿನೊಳಗೇ ಕೂತಿದೆ. ಅಕ್ಷರ ಇರುವ ಕಡೆ ಚಿತ್ರವೇ ಇಲ್ಲ. ಒಂದು ಸಾಲು ಮೂರು ಸೆಕೆಂಡ್ ನಿಂತರೆ, ಸೆಕೆಂಡಿಗೆ 24ರ ಲೆಕ್ಕದಲ್ಲಿ 72 ಫ್ರೇಮ್. ಮಾತಿನ ಮೇಲೆ ಮಾತು ಬರುವ ಸಿನಿಮಾ ಇದು. ಇಂಥ ಕಡೆ ಇರುವ ಒಳ್ಳೇ ದಾರಿ ಅಂದರೆ ಇನ್ನೊಂದು ಪ್ರತಿಯಿಂದ ಅಷ್ಟೇ ಜಾಗವನ್ನು ಕತ್ತರಿಸಿ ತಂದು ತೇಪೆ ಹಾಕುವುದು. ಬಾಯಲ್ಲಿ ಹೇಳುವಷ್ಟು ಸುಲಭವಲ್ಲ. ಎರಡು ಪ್ರತಿಗಳು ಒಂದೇ ಅಳತೆಗೆ ಕುಗ್ಗಿರುವುದಿಲ್ಲ. ಒಂದರ ಕಪ್ಪು ಇನ್ನೊಂದರ ಕಪ್ಪಲ್ಲ. ಒಂದು ಫ್ರೇಮ್ ಸ್ವಲ್ಪ ಎಡಕ್ಕೆ ಅಲುಗಾಡಿದರೆ ಇನ್ನೊಂದು ಮೇಲಕ್ಕೆ. ತೇಪೆ ಹಾಕಿದ ಜಾಗದಲ್ಲಿ ಗ್ರೇನ್ ಬೇರೆ ಥರ ಕುಣಿದರೂ ಸಾಕು, ಕಣ್ಣು ಹಿಡಿದುಬಿಡುತ್ತದೆ. ಒಳ್ಳೇ ರಫೂ ಕೆಲಸದವನು ರೇಷ್ಮೆ ಸೀರೆಯ ತೂತು ಮುಚ್ಚಿದ ಹಾಗೆ ಮಾಡಬೇಕು. ಆ ಬ್ಲೂ-ರೇಯಲ್ಲಿ ನಾನು ಬೇಕಂತಲೇ ಫ್ರೇಮಿನ ಕೆಳಭಾಗವನ್ನೇ ದಿಟ್ಟಿಸುತ್ತಾ ಕೂತೆ. ತೇಪೆ ಸಿಕ್ಕಲಿಲ್ಲ. ಹೊಟ್ಟೆಕಿಚ್ಚಾಯಿತು.

ಗ್ರೇನ್ ಅಂದೆ. ಜನ ಇದನ್ನು ಕೊಳೆ ಅಂದುಕೊಳ್ಳುತ್ತಾರೆ. ಹಳೇ ಚಿತ್ರದಲ್ಲಿ ಸಣ್ಣ ಮರಳಿನ ಹಾಗೆ ಕದಲುತ್ತದಲ್ಲ, ಅದು ಫಿಲ್ಮಿನ ಬೆಳ್ಳಿಯ ಕಣಗಳು. ಚಿತ್ರ ಆಗಿರುವುದೇ ಅದರಿಂದ. ಅದನ್ನು ಪೂರ್ತಿ ಒರೆಸಿದರೆ ಮುಖಗಳು ಮೇಣದ ಬೊಂಬೆಯಾಗುತ್ತವೆ, ಬಟ್ಟೆಯ ನೇಯ್ಗೆ ಹೋಗುತ್ತದೆ. ಕೆಲವು ಡಿಸ್ಕ್‌ಗಳಲ್ಲಿ ಹೀಗೆ ಮಾಡಿದ್ದಾರೆ. ಅಂಗಡಿಯ ದೊಡ್ಡ ಟಿವಿಯಲ್ಲಿ ಹಾಕಿದರೆ ‘ವಾಹ್, ಎಷ್ಟು ಕ್ಲಿಯರ್’ ಅನಿಸುತ್ತದೆ. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಅದು.

ಕೊಳೆ ಬೇರೆ, ಅದು ಹೋಗಬೇಕು. ಚಿಕ್ಕವನಿದ್ದಾಗ ಟೆಂಟಿಗೆ ಹಳೇ ಪ್ರಿಂಟ್ ಬಂದರೆ ‘ತೆರೆ ಮೇಲೆ ಮಳೆ ಶುರುವಾಯ್ತು’ ಅಂತ ನಗುತ್ತಿದ್ದೆವು. ಉದ್ದಕ್ಕೂ ಗೀರು. ಫಿಲ್ಮಿನ ಬೆನ್ನಿನ ಕಡೆಯ ಗೀರಾದರೆ ಸ್ಕ್ಯಾನ್ ಮಾಡುವಾಗಲೇ ವಾಸಿಯಾಗುತ್ತದೆ. ವೆಟ್ ಗೇಟ್ ಅಂತ ಒಂದು ವ್ಯವಸ್ಥೆ. ಫಿಲ್ಮಿನಷ್ಟೇ ಬೆಳಕು ಬಗ್ಗಿಸುವ ಒಂದು ದ್ರವದಲ್ಲಿ ಫಿಲ್ಮನ್ನು ಹಾಯಿಸುತ್ತಾರೆ. ದ್ರವ ಗೀರಿನೊಳಗೆ ತುಂಬಿಕೊಂಡು ಗೀರು ಕಾಣದ ಹಾಗಾಗುತ್ತದೆ. ಚಿತ್ರ ಇರುವ ಕಡೆಯೇ ಕೆರೆದಿದ್ದರೆ ಇದು ನಡೆಯುವುದಿಲ್ಲ. ಆಗ ನಮ್ಮಂಥವರು ಬೇಕು.

ಧೂಳು ತೆಗೆಯಲು ಸಾಫ್ಟ್‌ವೇರ್ ಇದೆ. ಅದರ ಬುದ್ಧಿ ಇಷ್ಟೇ. ಒಂದು ಫ್ರೇಮನ್ನು ಹಿಂದಿನದು, ಮುಂದಿನದರ ಜೊತೆ ಹೋಲಿಸುತ್ತದೆ. ನಡುವಿನ ಒಂದರಲ್ಲಿ ಮಾತ್ರ ಕಂಡದ್ದು ಧೂಳು, ಅಳಿಸು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಪ್ಪು-ಬಿಳುಪು ಚಿತ್ರದ ರೀಲು ನನ್ನ ಪಾಲಿಗೆ ಬಂದಿತ್ತು. ಬೇಗ ಮುಗಿಸುವ ಆಸೆ. ಸೆಟ್ಟಿಂಗ್ ಜೋರಾಗಿ ಇಟ್ಟು, ರಾತ್ರಿ ಓಡಲು ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಮೇಲೆ ಮೇಲೆ ನೋಡಿದೆ, ಫಳಫಳ. ಒಪ್ಪಿಸಿದೆ. ಎರಡು ದಿನದ ಮೇಲೆ ಸೂಪರ್‌ವೈಸರ್ ಕರೆದು ಒಂದು ಶಾಟ್ ಹಾಕಿದರು. ಕತ್ತಲಲ್ಲಿ ಒಬ್ಬ ಬೆಂಕಿಕಡ್ಡಿ ಗೀರುತ್ತಾನೆ. ಕೈ ಆಡಿತು, ಏನೂ ಇಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ತುದಿಯಲ್ಲಿ ಉರಿ. ನಡುವೆ ಚಿಮ್ಮಬೇಕಿದ್ದ ಕಿಡಿಗಳು ಒಂದೊಂದೇ ಫ್ರೇಮ್ ಬದುಕುವಂಥವು. ಒಂದೂ ಉಳಿದಿರಲಿಲ್ಲ.

‘ಏನಪ್ಪಾ, ಕಡ್ಡಿ ಗೀರಿದ್ದನ್ನೂ ಗೀರು ಅಂತ ಅಳಿಸಿಬಿಟ್ಯಾ?’ ಅಂದರು. ಬೈಯಲಿಲ್ಲ. ಆ ರೀಲನ್ನು ಮೊದಲಿಂದ ಕೈಯಲ್ಲೇ ಮಾಡು ಅಂದರು. ಬೈದಿದ್ದರೇ ವಾಸಿಯಿತ್ತು.

ನುವಾರ್ ಸಿನಿಮಾಗಳಿಗೆ ಈ ಸಾಫ್ಟ್‌ವೇರ್ ದೊಡ್ಡ ಶತ್ರು ಯಾಕೆ ಅಂತ ಈಗ ಗೊತ್ತಾಗಿರಬೇಕು. ಕಡ್ಡಿಯ ಕಿಡಿ, ಮಳೆಹನಿ, ಕಾರಿನ ಬಂಪರಿನ ಮಿಂಚು, ಹೆಂಗಸಿನ ಕಿವಿಯ ಹರಳು. ಎಲ್ಲವೂ ಕಪ್ಪಿನ ನಡುವೆ ಒಂದು ಚಣ ಮಿನುಗಿ ಹೋಗುವಂಥವು.

‘ಡೀಟೂರ್’ನಲ್ಲಿ ಇದಕ್ಕಿಂತ ದೊಡ್ಡ ಬಲೆಗಳಿವೆ. ಶುರುವಿನಲ್ಲಿ ನಾಯಕ ಹೋಟೆಲಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತಿರುತ್ತಾನೆ. ಹಳೆಯದು ನೆನಪಾಗುವಾಗ ಸುತ್ತಲಿನ ಬೆಳಕೆಲ್ಲ ದಢಕ್ಕನೆ ಇಳಿದು, ಕಣ್ಣಿನ ಮೇಲೆ ಮಾತ್ರ ಒಂದು ಪಟ್ಟಿ ಬೆಳಕು ಉಳಿಯುತ್ತದೆ. ಸಹಜವಾಗಿಲ್ಲ, ಯಾರೋ ಸ್ವಿಚ್ ಒತ್ತಿದ್ದು ಗೊತ್ತಾಗುತ್ತದೆ. ಬೆಳಕಿನ ಏರಿಳಿತ ಸಮ ಮಾಡುವ ಟೂಲ್ ಇಲ್ಲಿ ಓಡಿದರೆ ಇಡೀ ದೃಶ್ಯ ಸಪ್ಪೆ. ಕಾರಿನ ದೃಶ್ಯಗಳಲ್ಲಿ ಹಿಂದೆ ಓಡುವ ರಸ್ತೆ ನಿಜವಾದದ್ದಲ್ಲ, ಸ್ಟುಡಿಯೋದಲ್ಲಿ ಪರದೆಯ ಮೇಲೆ ಬಿಟ್ಟ ಇನ್ನೊಂದು ಫಿಲ್ಮ್. ಅದರ ಗ್ರೇನ್ ಒರಟು, ಅದಕ್ಕೆ ಅದರದ್ದೇ ಕೊಳೆ ಇರುತ್ತದೆ. ಆ ಕೊಳೆ 1945ರಲ್ಲೇ ಸಿನಿಮಾದ ಭಾಗವಾಗಿತ್ತು. ಮುಟ್ಟಬಾರದು. ಕೊನೆಯ ಹತ್ತಿರ ಒಂದು ಸಾವಿನ ನಂತರ ಕ್ಯಾಮೆರಾ ಕೋಣೆಯ ಸಾಮಾನುಗಳ ಮೇಲೆ ಸುತ್ತುತ್ತದೆ. ಫೋಕಸ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಅದು ಅವನ ತಲೆ ತಿರುಗುತ್ತಿರುವುದು. ಶಾರ್ಪ್ ಮಾಡುವ ಹುಮ್ಮಸ್ಸಿನವರ ಕೈಗೆ ಈ ಶಾಟ್ ಕೊಡಬೇಡಿ.

ನನಗೆ ತುಂಬಾ ಇಷ್ಟವಾದದ್ದು ನ್ಯೂಯಾರ್ಕ್ ಬೀದಿಯ ದೃಶ್ಯ. ರಾತ್ರಿ. ಇಬ್ಬರು ಮಂಜಿನಲ್ಲಿ ನಡೆದು ಹೋಗುತ್ತಾರೆ. ಬೀದಿ ದೀಪ, ಬೀದಿಯ ಹೆಸರಿನ ಫಲಕ, ಅಷ್ಟೇ. ಮಿಕ್ಕಿದ್ದೆಲ್ಲ ಮಂಜು. ಸೆಟ್ ಕಟ್ಟಲು ದುಡ್ಡಿಲ್ಲದೆ ಮಂಜು ತುಂಬಿದರು. ‘ಸ್ವಲ್ಪ ಬ್ರೈಟ್ ಮಾಡಿ, ಹಿಂದೆ ಏನಿದೆ ಕಾಣಲಿ’ ಅನ್ನುವ ಗಿರಾಕಿಗಳು ನಮಗೆ ದಿನಾ ಸಿಗುತ್ತಾರೆ. ಇಲ್ಲಿ ಹಿಂದೆ ಏನೂ ಇಲ್ಲ ಸ್ವಾಮಿ.

ಶಬ್ದದ ವಿಷಯವೂ ಹೀಗೇ. ‘ಸೊಂಯ್’ ಅನ್ನುವ ಸದ್ದನ್ನು ಪೂರ್ತಿ ತೆಗೆದರೆ ಕೋಣೆಯ ಗಾಳಿಯೇ ಹೋಗುತ್ತದೆ. ಸ್ವಲ್ಪ ಉಳಿಯಲಿ.

‘ಇವೆಲ್ಲ ಯೂಟ್ಯೂಬಲ್ಲಿ ಸುಮ್ನೆ ಸಿಗುತ್ತಲ್ಲ, ಡಿಸ್ಕ್ ಯಾಕೆ’ ಅಂತ ಕೇಳುವವರಿದ್ದಾರೆ. ಮೊನ್ನೆ ನೆಂಟರ ಹುಡುಗನೊಬ್ಬ ಕೇಳಿದ. ಅವನಿಗೆ ಈ ಮಂಜಿನ ದೃಶ್ಯವನ್ನೇ ಎರಡೂ ಕಡೆ ಹಾಕಿ ತೋರಿಸಿದೆ. ಗ್ರೇನ್, ಮಂಜು, ಹೊಗೆ ಇವು ಫ್ರೇಮಿಂದ ಫ್ರೇಮಿಗೆ ಬದಲಾಗುತ್ತಲೇ ಇರುತ್ತವೆ. ಅಷ್ಟನ್ನೂ ಹಿಡಿದಿಡಲು ಜಾಸ್ತಿ ಡೇಟಾ ಬೇಕು. ಬ್ಲೂ-ರೇ ಸೆಕೆಂಡಿಗೆ ಚಿತ್ರಕ್ಕೇ 40 ಮೆಗಾಬಿಟ್‌ವರೆಗೆ ಕೊಡಬಲ್ಲದು. ಆನ್‌ಲೈನ್ ವಿಡಿಯೋಗೆ ಸಾಮಾನ್ಯವಾಗಿ ಅದರಲ್ಲಿ ಒಂದು ಚೂರು ಸಿಕ್ಕರೆ ಹೆಚ್ಚು. ಆಗ ಮಂಜು ಚೌಕಚೌಕವಾಗಿ ಒಡೆಯುತ್ತದೆ, ನೆರಳಿನಲ್ಲಿ ಮೆಟ್ಟಿಲು ಮೆಟ್ಟಿಲು ಕಾಣುತ್ತದೆ. ಹುಡುಗ ಒಪ್ಪಿದ. ಆದರೆ ಡಿಸ್ಕ್ ಪ್ಲೇಯರ್ ಎಲ್ಲಿ ಸಿಗುತ್ತೆ ಅಂತ ಕೇಳಿದ, ಅದಕ್ಕೆ ನನ್ನ ಹತ್ತಿರ ಒಳ್ಳೇ ಉತ್ತರ ಇರಲಿಲ್ಲ.

‘ನಮ್ಮ ಸಿನಿಮಾಗಳಿಗೆ ಯಾವಾಗ’ ಅನ್ನುವ ಪ್ರಶ್ನೆಯೂ ಬರುತ್ತದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಆಗಿದೆ. ಅದೇ ಫಿಲ್ಮ್ ಫೌಂಡೇಶನ್, ನಮ್ಮ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆ ಸೇರಿ 4ಕೆಯಲ್ಲಿ, ಅಂದರೆ ತುಂಬಾ ಸೂಕ್ಷ್ಮ ವಿವರದ ಡಿಜಿಟಲ್ ಪ್ರತಿಯಾಗಿ, ಉಳಿಸಿಕೊಟ್ಟಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇದಕ್ಕೂ ‘ಡೀಟೂರ್’ಗೂ ಹಣ ಬಂದದ್ದು ‘ಸ್ಟಾರ್ ವಾರ್ಸ್’ನ ನಿರ್ದೇಶಕ ಜಾರ್ಜ್ ಲೂಕಸ್ ಕುಟುಂಬದ ದತ್ತಿಗಳಿಂದ. ‘ಘಟಶ್ರಾದ್ಧ’ವೂ ಕಪ್ಪು-ಬಿಳುಪೇ, ಅದರಲ್ಲೂ ಕತ್ತಲೆ ಬೇಕಾದಷ್ಟಿದೆ. ಅತ್ತ ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಉಳಿದಿಲ್ಲ. ಸಬ್‌ಟೈಟಲ್ ಅಚ್ಚಾದದ್ದಾದರೂ ಸರಿ, ಯಾವುದಾದರೂ ಊರಿನ ಅಟ್ಟದಲ್ಲಿ ಒಂದು ಸಿಕ್ಕಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಡಿಸ್ಕ್ ತರಿಸುವವರಿಗೆ ಒಂದು ಮಾತು. ಬ್ಲೂ-ರೇಗೆ ಪ್ರದೇಶದ ಬೀಗ ಇರುತ್ತದೆ. ಅಮೆರಿಕದ್ದು ಎ, ನಮ್ಮದು ಸಿ. ಅಲ್ಲಿಂದ ಅಣ್ಣನೋ ಅಕ್ಕನೋ ಪ್ರೀತಿಯಿಂದ ತಂದುಕೊಟ್ಟ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದೇ ಇರಬಹುದು, ಮೊದಲೇ ವಿಚಾರಿಸಿಕೊಳ್ಳಿ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗೆ ಈ ಬೀಗ ಇಲ್ಲ. ಓಡಿತು ಅನ್ನಿ, ಟಿವಿಯ ಸೆಟ್ಟಿಂಗಿಗೆ ಹೋಗಿ ಚಲನೆ ನುಣುಪು ಮಾಡುವ ಆಯ್ಕೆಯನ್ನು ಆಫ್ ಮಾಡಿ. ಶಾರ್ಪ್‌ನೆಸ್ ಇಳಿಸಿ. ಚಿತ್ರ ಹೆಚ್ಚುಕಡಿಮೆ ಚೌಕವಾಗಿ ಕಾಣುತ್ತದೆ, ಎರಡೂ ಬದಿ ಕಪ್ಪು ಪಟ್ಟಿ ಇರುತ್ತದೆ. ಇರಲಿ, ಎಳೆದು ಅಗಲ ಮಾಡಬೇಡಿ. ಕೋಣೆಯ ದೀಪ ಆರಿಸಿ. ಆಮೇಲೆ ಕಾರು ನಿಂತಾಗ ಡ್ರೈವರ್ ಯಾವ ಕಡೆ ಕೂತಿದ್ದಾನೆ ನೋಡಿ.